ನೀರು, ಲವಣ, ಆಮ್ಲ: ರಿಪೋರ್ಟ್ ಬರುವ ಮೊದಲು ನರ್ಸ್ ನೋಡಬೇಕಾದ್ದು

ಪ್ರಶ್ನೆ: ಉತ್ತರ ಕನ್ನಡ ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮಳೆಗಾಲದಲ್ಲಿ ಜ್ವರ, ವಾಂತಿ-ಭೇದಿಯವರೇ ತುಂಬಿರುತ್ತಾರೆ. ರೌಂಡ್ಸ್‌ನಲ್ಲಿ ವೈದ್ಯರು "ಹೈಡ್ರೇಷನ್ ಹೇಗಿದೆ ಸಿಸ್ಟರ್?" ಅಂತ ಕೇಳಿದರೆ ಇನ್‌ಟೇಕ್-ಔಟ್‌ಪುಟ್ (ಒಳಗೆ ಹೋದ, ಹೊರಗೆ ಬಂದ ನೀರಿನ ಲೆಕ್ಕದ) ಚಾರ್ಟ್ ತೋರಿಸುತ್ತೇನೆ. ಎಷ್ಟೋ ಸಲ ಅದಕ್ಕೂ ರೋಗಿಯ ಸ್ಥಿತಿಗೂ ತಾಳೆಯೇ ಆಗುವುದಿಲ್ಲ. ಎಲೆಕ್ಟ್ರೊಲೈಟ್ (ರಕ್ತದ ಲವಣಗಳ) ರಿಪೋರ್ಟ್ ಬರುವುದು ಸಂಜೆಗೆ, ರಕ್ತದ ಆಮ್ಲ ಮತ್ತು ಅನಿಲ ಅಳೆಯುವ ಎಬಿಜಿ ಯಂತ್ರ ನಮ್ಮಲ್ಲಿಲ್ಲ. ಅಲ್ಲಿಯವರೆಗೆ ನಾನು ಏನನ್ನು ನೋಡಬೇಕು? ಮನೆಯವರು ಎಲ್ಲರಿಗೂ ಎಳನೀರು ತರುತ್ತಾರೆ, ಬೇಡ ಅನ್ನಬೇಕೇ?

ಉತ್ತರ: ಚಾರ್ಟ್ ತಾಳೆಯಾಗದಿದ್ದರೆ ಮೊದಲು ಚಾರ್ಟನ್ನೇ ಅನುಮಾನಿಸಿ, ರೋಗಿಯನ್ನಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದ, ಗದ್ದೆ ಕೆಲಸದ, ಐದು ದಿನದಿಂದ ಜ್ವರವಿರುವ ರೋಗಿ ಅಂದುಕೊಳ್ಳಿ. 24 ಗಂಟೆಯ ಚಾರ್ಟಿನಲ್ಲಿ ಡ್ರಿಪ್ಸ್ 2000 ಮಿ.ಲೀ., ಬಾಯಿಂದ 600, ಮೂತ್ರ 1500 ಎಂದಿದೆ. ಅಂದರೆ 1100 ಮಿ.ಲೀ. ಹೆಚ್ಚು ಒಳಗೆ ಹೋಗಿದೆ. ಈಗ ಬರೆಯದೆ ಬಿಟ್ಟದ್ದನ್ನು ಹುಡುಕಿ. ಆ್ಯಂಟಿಬಯೋಟಿಕ್ ಕಲಸಿದ ಸಲೈನ್ 100 ಮಿ.ಲೀ.ಯಂತೆ ಎರಡು ಸಲ, ಪ್ಯಾರಾಸಿಟಮಾಲ್ ಬಾಟಲಿ 100 ಮಿ.ಲೀ.ಯಂತೆ ಮೂರು ಸಲ, ಮನೆಯಿಂದ ಬಂದ ಗಂಜಿ ಎರಡು ಬಟ್ಟಲು. ಇದೇ ಇನ್ನೊಂದು ಲೀಟರ್. ಹೊರಗೆ ಹೋದದ್ದರಲ್ಲಿ ಎರಡು ವಾಂತಿ ಬಿಟ್ಟುಹೋಗಿದೆ, ಸುಮಾರು 400 ಮಿ.ಲೀ. ಚರ್ಮ ಮತ್ತು ಉಸಿರಿನ ಮೂಲಕ ಯಾರ ಕಣ್ಣಿಗೂ ಬೀಳದೆ ದಿನಕ್ಕೆ ಸುಮಾರು 800 ಮಿ.ಲೀ. ಹೋಗುತ್ತದೆ, ಜ್ವರವಿದ್ದರೆ ಹೆಚ್ಚುತ್ತದೆ, ಇಲ್ಲಿ ಒಂದು ಲೀಟರ್ ಎಂದಿಟ್ಟುಕೊಳ್ಳಿ. ಎಲ್ಲ ಕೂಡಿ ಕಳೆದರೆ ನಿಜವಾಗಿ ಉಳಿದದ್ದು 700 ಮಿ.ಲೀ. ಚಾರ್ಟ್ ಹೇಳಿದ್ದಕ್ಕಿಂತ 400 ಕಡಿಮೆ. ತಪ್ಪುಗಳು ಎರಡೂ ಕಡೆ ಇದ್ದುದರಿಂದ ಒಂದನ್ನೊಂದು ಮುಚ್ಚಿಹಾಕಿದವು, ಇಲ್ಲದಿದ್ದರೆ ಅಂತರ ಇನ್ನೂ ದೊಡ್ಡದಿರುತ್ತಿತ್ತು.

ಈ ಗೋಜಲನ್ನು ಒಂದೇ ಏಟಿಗೆ ಬಿಡಿಸುವುದು ತೂಕದ ಯಂತ್ರ. ಒಂದೆರಡು ದಿನದೊಳಗಿನ ಏರಿಳಿತದಲ್ಲಿ ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮೇಲಿನ ರೋಗಿ ಮರುದಿನ 60.7 ಕಿಲೋ ತೂಗಿದರೆ ಲೆಕ್ಕ ಸರಿ. 62 ತೂಗಿದರೆ ಎಲ್ಲೋ ಒಂದು ಲೀಟರಿಗೂ ಹೆಚ್ಚು ನಿಮ್ಮ ಕಣ್ಣು ತಪ್ಪಿಸಿದೆ. ಆದರೆ ತೂಕ ಬೆಳಿಗ್ಗೆ ತಿಂಡಿಗೆ ಮೊದಲು, ಒಂದಕ್ಕೆ ಹೋಗಿ ಬಂದ ಮೇಲೆ, ಅದೇ ರೀತಿಯ ಬಟ್ಟೆಯಲ್ಲಿ, ಅದೇ ಯಂತ್ರದಲ್ಲಿ ಆಗಬೇಕು. ಸ್ಪ್ರಿಂಗ್ ಯಂತ್ರವಾದರೆ ನೆಲದ ಒಂದೇ ಜಾಗದಲ್ಲಿ ಇಡಿ. ಜಾಗ ಬದಲಿಸಿದರೆ ಅರ್ಧ ಕಿಲೋ ಸುಮ್ಮನೆ ಬರುತ್ತದೆ, ಹೋಗುತ್ತದೆ. ಯೂರಿನ್ ಬ್ಯಾಗ್ ತುಂಬಿದ್ದರೆ ಮೊದಲು ಖಾಲಿ ಮಾಡಿ.

ಚಾರ್ಟನ್ನು ಬಿಡಬೇಕು ಅಂತಲ್ಲ. ವಾರ್ಡಿನ ಸ್ಟೀಲ್ ಲೋಟ ಮತ್ತು ಗಂಜಿ ಬಟ್ಟಲನ್ನು ಅಳತೆ ಜಾಡಿಯ ನೀರಿನಿಂದ ಒಮ್ಮೆ ತುಂಬಿಸಿ ಅಳೆದು, ಸಂಖ್ಯೆಯನ್ನು ಗೋಡೆಗೆ ಅಂಟಿಸಿಬಿಡಿ. ಮೂತ್ರ ಚೆಲ್ಲುವುದು ಹೆಚ್ಚಿನ ಸಲ ಜೊತೆಗಿರುವವರು. ಅವರಿಗೆ "ಔಟ್‌ಪುಟ್ ಇಡಿ" ಎಂದರೆ ಏನೂ ತಿಳಿಯುವುದಿಲ್ಲ. "ಒಂದಕ್ಕೆ ಹೋದದ್ದನ್ನ ಚೆಲ್ಲಬೇಡಿ, ಈ ಜಾಡಿಗೆ ಹಾಕಿ ನನ್ನ ಕರೀರಿ" ಎಂದರೆ ಆಯಿತು. ಡ್ರಿಪ್ಸ್‌ನದೂ ಒಂದು ಮಾತು. ಸೆಟ್ಟಿನ ಕವರ್ ಮೇಲೆ 15 ಹನಿಗೆ ಒಂದು ಮಿ.ಲೀ.ಯೋ 20 ಹನಿಗೋ ಎಂದು ಓದಿಕೊಳ್ಳಿ. ಒಂದು ಲೀಟರನ್ನು 8 ಗಂಟೆಯಲ್ಲಿ ಕೊಡಲು ಮೊದಲನೆಯದರಲ್ಲಿ ನಿಮಿಷಕ್ಕೆ 31 ಹನಿ, ಎರಡನೆಯದರಲ್ಲಿ 42 ಹನಿ. ಬಾಟಲಿಗೆ ಒಂದು ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆ ಗುರುತು ಹಾಕಿದರೆ, ಹನಿ ಎಣಿಸದೆಯೇ ಹಿಂದೆ ಬಿದ್ದದ್ದು ಗೊತ್ತಾಗುತ್ತದೆ. ರೋಗಿ ಮೊಣಕೈ ಮಡಚಿದರೆ ಹನಿ ನಿಲ್ಲುತ್ತದೆ, ಕೈ ಚಾಚಿದರೆ ಓಡುತ್ತದೆ.

ಇನ್ನು ಮೈ ಮುಟ್ಟಿ ನೋಡುವುದು. ಮುಂಗೈ ಹಿಂಬದಿಯ ಚರ್ಮ ಎಳೆದು ನೋಡುವುದನ್ನು ವಯಸ್ಸಾದವರಲ್ಲಿ ಬಿಟ್ಟೇಬಿಡಿ. ಅಲ್ಲಿ ಚರ್ಮ ಹೇಗೂ ಸಡಿಲ. ಎದೆಮೂಳೆಯ ಮೇಲೆ ಅಥವಾ ಹಣೆಯಲ್ಲಿ ಎಳೆದು ಬಿಟ್ಟಾಗ ಚರ್ಮ ತಡವಾಗಿ ಮರಳುತ್ತದೆಯೇ ನೋಡಿ. ಬಾಯಿ ತೆರೆದು ಉಸಿರಾಡುವವರ ನಾಲಿಗೆ ಯಾವಾಗಲೂ ಒಣಗಿರುತ್ತದೆ, ಆದ್ದರಿಂದ ಕೆನ್ನೆ ಮತ್ತು ಒಸಡಿನ ನಡುವೆ ಬೆರಳಾಡಿಸಿ. ಕಂಕುಳು ಪೂರ್ತಿ ಒಣಗಿದ್ದರೆ ಅದೂ ಒಂದು ಸುಳಿವು, ನಮ್ಮ ಸೆಕೆಯಲ್ಲಿ ಒಣ ಕಂಕುಳು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಉಗುರನ್ನು 5 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ 2 ಸೆಕೆಂಡಿನೊಳಗೆ ಮರಳಬೇಕು, ವೃದ್ಧರಲ್ಲಿ 3 ಆದರೂ ಸರಿ. ಕೈ ಎದೆಯ ಮಟ್ಟದಲ್ಲಿರಲಿ, ತಣ್ಣಗಿದ್ದರೆ ಬೆಚ್ಚಗೆ ಮಾಡಿ ನೋಡಿ.

ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ. 5 ನಿಮಿಷ ಮಲಗಿಸಿ ಅಳೆಯಿರಿ. ಎಬ್ಬಿಸಿ ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ, ಇಲ್ಲವೇ ನಾಡಿ 30 ಏರಿದರೆ, ರಕ್ತನಾಳದೊಳಗಿನ ನೀರು ಕಡಿಮೆಯಿರುವ ಸಾಧ್ಯತೆ ಹೆಚ್ಚು. ನಿಲ್ಲಿಸಿದ ಕೂಡಲೇ ತಲೆ ಸುತ್ತಿ ಕುಸಿಯುವಂತಾದರೆ ಅಳತೆಗೆ ಕಾಯಬೇಡಿ, ಮಲಗಿಸಿ, ಉತ್ತರ ಸಿಕ್ಕಿತು. ನಾಡಿ ತಗ್ಗಿಸುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದಿಲ್ಲ ಎಂಬುದು ನೆನಪಿರಲಿ. ನೀರು ಹೆಚ್ಚಾದವರಲ್ಲಿ 45 ಡಿಗ್ರಿ ಒರಗಿಸಿ ಕುತ್ತಿಗೆಯ ರಕ್ತನಾಳ ಉಬ್ಬಿದೆಯೇ ನೋಡಿ, ಬೆನ್ನಿನ ಕೆಳಭಾಗಕ್ಕೆ ಸ್ಟೆತ್ ಇಟ್ಟು ಗುಳುಗುಳು ಸದ್ದು ಕೇಳಿ. ಹಾಸಿಗೆ ಹಿಡಿದವರ ಬಾವು ಕಾಲಿನಲ್ಲಿರುವುದಿಲ್ಲ, ಸೊಂಟದ ಹಿಂದೆ ಇರುತ್ತದೆ. ಮಗ್ಗುಲು ಬದಲಿಸುವಾಗ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಭ್ಯಾಸವಾಗಲಿ.

ಮೂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚು ಮೋಸ ಹೋಗುವುದು ಅಲ್ಲೇ. ದೊಡ್ಡವರಲ್ಲಿ ಕಿಲೋಗೆ ಗಂಟೆಗೆ 0.5 ಮಿ.ಲೀ. ಕನಿಷ್ಠ. 60 ಕಿಲೋದವರಿಗೆ ಗಂಟೆಗೆ 30, ಆರು ಗಂಟೆಗೆ 180. ಅದಕ್ಕಿಂತ ಕಡಿಮೆಯಾದರೆ ಮೊದಲು ಕ್ಯಾತಿಟರ್ (ಮೂತ್ರ ಹರಿಯಲು ಹಾಕಿದ ನಳಿಗೆ) ಮಡಚಿದೆಯೇ, ಬ್ಯಾಗ್ ಮೂತ್ರಕೋಶಕ್ಕಿಂತ ಮೇಲಿದೆಯೇ ನೋಡಿ, ಆಮೇಲೆ ಕರೆ ಮಾಡಿ. ಕಡಿಮೆ ಮೂತ್ರವನ್ನು ಯಾರಾದರೂ ಗಮನಿಸುತ್ತಾರೆ. ಮೋಸ ಮಾಡುವುದು ಹೆಚ್ಚು ಮೂತ್ರ. ಶುಗರ್ 400 ದಾಟಿದವರು ಬಕೆಟ್‌ಗಟ್ಟಲೆ ಹೋಗುತ್ತಿರುತ್ತಾರೆ, ಒಳಗೆ ಒಣಗಿ ಹೋಗಿರುತ್ತಾರೆ. ಅಲ್ಲಿ ಸಕ್ಕರೆಯೇ ನೀರನ್ನು ಎಳೆದುಕೊಂಡು ಹೊರಹೋಗುತ್ತದೆ. ಮೂತ್ರ ಹೆಚ್ಚಿಸುವ ಮದ್ದು ಲ್ಯಾಸಿಕ್ಸ್ ಕೊಟ್ಟ ಮೇಲಿನ ಮೂತ್ರವೂ ನೀರಿನ ಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೂರನೆಯದು ನಮ್ಮ ಕರಾವಳಿಯ ಮಳೆಗಾಲದ್ದು, ಇಲಿಜ್ವರ (ಲೆಪ್ಟೊಸ್ಪೈರೋಸಿಸ್). ಇದರಲ್ಲಿ ಕಿಡ್ನಿ ಸೋಲುತ್ತಿದ್ದರೂ ಮೂತ್ರ ಎರಡು ಲೀಟರ್ ಬರಬಹುದು. ಕಿಡ್ನಿಯ ನಳಿಕೆಗಳು ಸೋಡಿಯಂ ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತವೆ, ಆ ಸೋಡಿಯಂ ಹಿಂದೆಯೇ ಪೊಟ್ಯಾಸಿಯಂ ಕೂಡ ಹೊರಗೆ ಸುರಿದುಹೋಗುತ್ತದೆ. ಬೇರೆ ಕಿಡ್ನಿ ವೈಫಲ್ಯಗಳಲ್ಲಿ ಪೊಟ್ಯಾಸಿಯಂ ಏರುತ್ತದೆ, ಇಲ್ಲಿ ಎಷ್ಟೋ ಸಲ ಇಳಿದಿರುತ್ತದೆ. ಆದ್ದರಿಂದ ಕಣ್ಣು ಕೆಂಪಾದ, ಮೀನಖಂಡ ಒತ್ತಿದರೆ ಕಿರುಚುವ, ಗದ್ದೆಗಿಳಿದ ರೋಗಿಯ ಚಾರ್ಟಿನಲ್ಲಿ "ಮೂತ್ರ ಚೆನ್ನಾಗಿದೆ" ಎಂದು ಬರೆದು ನಿಶ್ಚಿಂತರಾಗಬೇಡಿ. ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸುವ ಪರೀಕ್ಷೆ) ಮತ್ತು ಪೊಟ್ಯಾಸಿಯಂ ರಿಪೋರ್ಟ್ ಬಂದಿದೆಯೇ ಎಂದು ನೀವೇ ಕೇಳಿ.

ಡೆಂಗಿಯಲ್ಲಿ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ನೀರಿನ ಲೆಕ್ಕಕ್ಕೆ ಬೇಕಾದದ್ದು ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಜ್ವರ ಬಿಟ್ಟ ದಿನವೇ ನೀರು ರಕ್ತನಾಳದಿಂದ ಸೋರುವ ದಿನ, ಹಿಮಟೊಕ್ರಿಟ್ ಮೊದಲಿನದಕ್ಕಿಂತ ಶೇ. 20 ಏರಿದರೆ ಸೋರುತ್ತಿದೆ ಎಂದರ್ಥ. ಒಂದೆರಡು ದಿನದಲ್ಲಿ ಆ ನೀರು ತಾನಾಗಿ ಮರಳುತ್ತದೆ. ಆಗಲೂ ಡ್ರಿಪ್ಸ್ ಓಡುತ್ತಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಲವಣಗಳಿಗೆ ಬರೋಣ. ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5, ಎರಡೂ ಲೀಟರಿಗೆ ಮಿಲಿಇಕ್ವಿವಲೆಂಟ್ ಲೆಕ್ಕದಲ್ಲಿ. ಹಾಸಿಗೆ ಪಕ್ಕದಲ್ಲಿ ನಿಂತಾಗ ಸೋಡಿಯಂ ಅಂದರೆ ಮಿದುಳು, ಪೊಟ್ಯಾಸಿಯಂ ಅಂದರೆ ಸ್ನಾಯು ಮತ್ತು ಹೃದಯ ಎಂದಿಟ್ಟುಕೊಳ್ಳಿ. ಬಿಪಿಗೆ, ಸೋಡಿಯಂ ಇಳಿಸಬಲ್ಲ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ನುಂಗುತ್ತಿರುವ ಅಜ್ಜಿ ನಿನ್ನೆ ಮಗನ ಹೆಸರು ಹೇಳಿದವರು ಇವತ್ತು ತಡವರಿಸಿದರೆ, ವಯಸ್ಸಿನ ಮರೆವು ಎಂದು ಬಿಡಬೇಡಿ. ಸೋಡಿಯಂ ಕಡಿಮೆ ಎಂದ ಕೂಡಲೇ ಮನೆಯವರು ಉಪ್ಪಿನಕಾಯಿ, ಒಣಮೀನು ತಿನ್ನಿಸಲು ಹೊರಡುತ್ತಾರೆ. ಹೆಚ್ಚಿನ ಸಲ ಕಡಿಮೆಯಾದದ್ದು ಉಪ್ಪಲ್ಲ, ಹೆಚ್ಚಾದದ್ದು ನೀರು. ಸಾರು ಅಷ್ಟೇ ಇದೆ, ನೀರು ಸುರಿದು ತೆಳ್ಳಗಾಗಿದೆ.

ಇಲ್ಲಿ ನರ್ಸ್ ಕೈಯಲ್ಲಿರುವ ದೊಡ್ಡ ಕೆಲಸವೆಂದರೆ ವೇಗ ಕಾಯುವುದು. ಹಲವು ದಿನಗಳಿಂದ ತಗ್ಗಿದ ಸೋಡಿಯಂ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಬಾರದು. ಏರಿದರೆ ಮಿದುಳಿನ ನರಗಳ ಹೊದಿಕೆ ಕಳಚಿ ಕೈಕಾಲು, ಮಾತು ನಿಲ್ಲಬಹುದು. ಚಿಕಿತ್ಸೆ ಶುರುವಾದ ಮೇಲೆ ಮೂತ್ರ ಇದ್ದಕ್ಕಿದ್ದಂತೆ ಗಂಟೆಗೆ 100 ಮಿ.ಲೀ. ದಾಟಿ, ನೀರಿನಷ್ಟು ತಿಳಿಯಾಗಿ ಹೋಗತೊಡಗಿದರೆ ಅದು ಸುಧಾರಣೆಯಂತೆ ಕಾಣುತ್ತದೆ. ಆದರೆ ಸೋಡಿಯಂ ಓಡುತ್ತಿದೆ ಎಂಬ ಮೊದಲ ಸೂಚನೆ ಅದೇ. ಆಗಲೇ ವೈದ್ಯರಿಗೆ ತಿಳಿಸಿ, ಸಂಜೆಯ ಸ್ಯಾಂಪಲ್‌ಗೆ ಕಾಯಬೇಡಿ.

ಪೊಟ್ಯಾಸಿಯಂ ರಿಪೋರ್ಟ್ 6.2 ಎಂದು ಬಂದರೆ ಹೌಹಾರುವ ಮೊದಲು ರಕ್ತ ತೆಗೆದ ಬಗೆಯನ್ನು ನೆನೆಯಿರಿ. ತೋಳಿಗೆ ಕಟ್ಟುವ ಪಟ್ಟಿ (ಟೂರ್ನಿಕೆಟ್) ತುಂಬಾ ಹೊತ್ತು ಬಿಗಿದು, ಮುಷ್ಟಿ ಹಿಡಿದು ಬಿಡಿಸಿ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಮೊದಲು ಹಾಕಿ, ಉಳಿದದ್ದನ್ನು ಕೆಂಪು ಟ್ಯೂಬಿಗೆ ಸುರಿದರೆ ಇನ್ನೂ ಕೆಟ್ಟದ್ದು. ನೇರಳೆ ಟ್ಯೂಬಿನೊಳಗಿರುವ ರಾಸಾಯನಿಕವೇ ಪೊಟ್ಯಾಸಿಯಂ ಲವಣ. ಪೊಟ್ಯಾಸಿಯಂ ಬಹಳ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ ಎಂದು ಒಟ್ಟಿಗೆ ಬಂದರೆ ಈ ಎಡವಟ್ಟನ್ನೇ ಶಂಕಿಸಿ. ಡ್ರಿಪ್ಸ್ ಓಡುತ್ತಿರುವ ಕೈಯಿಂದ ತೆಗೆದ ರಕ್ತದಲ್ಲಿ ಬಾಟಲಿಯ ಅಂಶವೇ ಬರುತ್ತದೆ. ಹಾಗೆಂದು ಸುಳ್ಳೇ ಇರಬೇಕೆಂದು ಕೂರುವುದೂ ಬೇಡ: ಮರುಸ್ಯಾಂಪಲ್ ಕಳಿಸುವಾಗಲೇ ಇಸಿಜಿ ತೆಗೆಯಿರಿ. ಅದರ ಗೆರೆಯಲ್ಲಿ ಟಿ ಅಲೆ (ಪ್ರತಿ ಬಡಿತದ ಕೊನೆಯ ಉಬ್ಬು) ಚೂಪಾಗಿ ಎತ್ತರವಾಗಿದ್ದರೆ, ಕ್ಯೂಆರ್‌ಎಸ್ (ಬಡಿತದ ನಡುವಿನ ಚೂಪು ಗೆರೆ) ಅಗಲವಾಗಿದ್ದರೆ ಅದು ನಿಜ, ತುರ್ತು.

ಪೊಟ್ಯಾಸಿಯಂ ಕಡಿಮೆಯಾದಾಗ ಕಾಲು ಎತ್ತಲಾಗದ ನಿಶ್ಶಕ್ತಿ, ಹೊಟ್ಟೆ ಉಬ್ಬರ, ಕರುಳಿನ ಸದ್ದಿಲ್ಲದಿರುವುದು ಕಾಣುತ್ತದೆ. ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿ.ಲೀ. ಆ್ಯಂಪ್ಯೂಲ್, ಶೇ. 15ರದ್ದು, 20 ಮಿಲಿಇಕ್ವಿವಲೆಂಟ್ ಹೊಂದಿರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ಎಂದೂ ಕೊಡಬಾರದು, ಹೃದಯ ಅಲ್ಲೇ ನಿಲ್ಲುತ್ತದೆ. ಕೈಯ ನಾಳದಲ್ಲಿ ಗಂಟೆಗೆ 10ಕ್ಕಿಂತ ಹೆಚ್ಚು ಬೇಡ, ಲೀಟರಿಗೆ 40ಕ್ಕಿಂತ ಗಟ್ಟಿ ಬೇಡ. ಅಂದರೆ 500 ಮಿ.ಲೀ. ಸಲೈನಿಗೆ ಒಂದೇ ಆ್ಯಂಪ್ಯೂಲ್, ಎರಡು ಗಂಟೆಗಿಂತ ಬೇಗ ಮುಗಿಸುವಂತಿಲ್ಲ. ನೇತು ಹಾಕಿದ ಬಾಟಲಿಗೆ ಸೇರಿಸಿದರೆ ಮದ್ದು ಕೆಳಗೆ, ಸೆಟ್ಟಿನ ಬಾಯಲ್ಲೇ ಶೇಖರವಾಗಿ ಮೊದಲ ಕೆಲ ನಿಮಿಷದಲ್ಲೇ ಗಟ್ಟಿಯಾಗಿ ಇಳಿದುಬಿಡುತ್ತದೆ. ಬಾಟಲಿ ಇಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಹಚ್ಚಿ, ಆಮೇಲೆ ಏರಿಸಿ. ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದರೆ ಇನ್ಸುಲಿನ್ ಉಕ್ಕಿ ಪೊಟ್ಯಾಸಿಯಂ ಜೀವಕೋಶದೊಳಗೆ ಸರಿದು ಇನ್ನಷ್ಟು ಇಳಿಯಬಹುದು, ಸಲೈನೇ ಲೇಸು. ಎಷ್ಟು ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಿದ್ದಾರೆಯೇ ಎಂದು ವೈದ್ಯರಿಗೆ ನೆನಪಿಸಿ.

ಈಗ ನಿಮ್ಮ ಎಳನೀರು. ಇದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಲ್ಪ. ಕಾಯಿಯ ಬಲಿತಿಗೆ ತಕ್ಕಂತೆ ಬದಲಾದರೂ ಲೀಟರಿಗೆ ಪೊಟ್ಯಾಸಿಯಂ ಸುಮಾರು 50ರ ಆಸುಪಾಸು, ಒಂದು ಕಾಯಿಯಲ್ಲಿ 10-15 ಮಿಲಿಇಕ್ವಿವಲೆಂಟ್. ಅಂದರೆ ಎರಡು ಎಳನೀರು ಒಂದು ಆ್ಯಂಪ್ಯೂಲಿನಷ್ಟು ಅಥವಾ ಅದಕ್ಕಿಂತ ಹೆಚ್ಚು. ಡಯಾಲಿಸಿಸ್ ರೋಗಿಗೆ, ಕ್ರಿಯಾಟಿನಿನ್ ಏರಿದವರಿಗೆ, ಪೊಟ್ಯಾಸಿಯಂ ಏರಿಸಬಲ್ಲ ಸ್ಪೈರೊನೊಲ್ಯಾಕ್ಟೋನ್, ಎನಲಾಪ್ರಿಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಿಗೆ ರಿಪೋರ್ಟ್ ನೋಡದೆ ಬೇಡ. ಅದೇ ಇಲಿಜ್ವರದಲ್ಲಿ ಪೊಟ್ಯಾಸಿಯಂ 2.9 ಎಂದು ಬಂದು ವೈದ್ಯರು ಒಪ್ಪಿದರೆ ಎಳನೀರು ಮದ್ದೇ ಸರಿ. ವಾಂತಿ-ಭೇದಿಯವರಿಗೆ ಅದು ತಪ್ಪಲ್ಲ, ಆದರೆ ಓಆರ್‌ಎಸ್‌ನ ಜಾಗದಲ್ಲಿ ಅಲ್ಲ. ಭೇದಿಯಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75, ಪೊಟ್ಯಾಸಿಯಂ 20, ಗ್ಲೂಕೋಸ್ 75. ಸೋಡಿಯಂ ಮತ್ತು ಗ್ಲೂಕೋಸ್ ಸರಿಸಮ ಇರುವುದರಿಂದಲೇ ಕರುಳು ಎರಡನ್ನೂ ಜೋಡಿಯಾಗಿ ಒಳಗೆಳೆದು, ಹಿಂದೆಯೇ ನೀರನ್ನೂ ಎಳೆಯುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ಭೇದಿ ಹೆಚ್ಚುತ್ತದೆ. ಇದು ವಾರ್ಡಿನಲ್ಲಿ ಪದೇಪದೇ ಆಗುವ ತಪ್ಪು, ಒಂದು ಲೀಟರ್ ಬಾಟಲಿಯನ್ನೇ ಕೈಗೆ ಕೊಟ್ಟು ಕಲಸಿ ತೋರಿಸಿ. ಅಂಗಡಿಯ ಟೆಟ್ರಾಪ್ಯಾಕ್ ಹಣ್ಣಿನ ಪಾನೀಯ ಓಆರ್‌ಎಸ್ ಅಲ್ಲ, ಸಕ್ಕರೆ ಹೆಚ್ಚು. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ತಿಳಿ ಒಳ್ಳೆಯದೇ. ಮಧ್ಯಮ ನಿರ್ಜಲತೆಯ ಮಗುವಿಗೆ ಕಿಲೋಗೆ 75 ಮಿ.ಲೀ. ಓಆರ್‌ಎಸ್ 4 ಗಂಟೆಯಲ್ಲಿ, ಚಮಚದಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ.

ಆಮ್ಲ-ಕ್ಷಾರಕ್ಕೆ ನಿಮ್ಮ ಬಳಿ ಯಂತ್ರವಿಲ್ಲ, ಆದರೆ ರೋಗಿಯ ಎದೆ ಇದೆ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಟಿಪಿಆರ್ (ಜ್ವರ, ನಾಡಿ, ಉಸಿರಿನ) ಚಾರ್ಟಿನಲ್ಲಿ ಎಲ್ಲರಿಗೂ 20 ಎಂದು ಬರೆಯುವ ಚಾಳಿ ಎಷ್ಟು ಬಲವಾಗಿದೆ ಎಂಬುದು ನಿಮಗೂ ಗೊತ್ತು. ಉಸಿರು ವೇಗವಾಗಿ, ಆಳವಾಗಿ ಇದೆ, ಎದೆಯಲ್ಲಿ ಸದ್ದಿಲ್ಲ, ಆಕ್ಸಿಜನ್ 98 ಇದೆ. ಅಂದರೆ ಹೆಚ್ಚಿನ ಸಲ ಅಡಚಣೆ ಶ್ವಾಸಕೋಶದಲ್ಲಿಲ್ಲ, ರಕ್ತದಲ್ಲಿ ಆಮ್ಲ ಏರಿದೆ, ದೇಹ ಕಾರ್ಬನ್ ಡೈಆಕ್ಸೈಡ್ ಊದಿ ಹೊರಹಾಕುತ್ತಿದೆ. ಕೂಡಲೇ ಗ್ಲೂಕೋಮೀಟರ್ ಹಚ್ಚಿ, ಮೂತ್ರದ ಕೀಟೋನ್ (ಸಕ್ಕರೆ ಕಾಯಿಲೆಯಲ್ಲಿ ಏರುವ ಆಮ್ಲ) ನೋಡಿ. ಶುಗರ್ ಸರಿಯಿದ್ದರೆ ಕಿಡ್ನಿ, ಸೋಂಕಿನ ಶಾಕ್, ಜೋರು ಭೇದಿ ಇವುಗಳತ್ತ ಯೋಚನೆ ಹೋಗಲಿ. ಬರೀ ವಾಂತಿ ಮಾಡಿದವರಲ್ಲಿ ತದ್ವಿರುದ್ಧ: ಹೊಟ್ಟೆಯ ಆಮ್ಲ ಹೋಗಿ ರಕ್ತ ಕ್ಷಾರವಾಗುತ್ತದೆ, ಉಸಿರು ಮೆಲ್ಲಗಾಗುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಎಬಿಜಿ ಸ್ಯಾಂಪಲನ್ನು ಕುಮಟಾ, ಹೊನ್ನಾವರದಿಂದ ಕಾರವಾರಕ್ಕೆ ಕಳಿಸುವುದರಲ್ಲಿ ಅರ್ಥವಿಲ್ಲ. ಪ್ಲಾಸ್ಟಿಕ್ ಸಿರಿಂಜಿನ ರಕ್ತ 30 ನಿಮಿಷದೊಳಗೆ ಯಂತ್ರಕ್ಕೆ ಹೋಗಬೇಕು. ರೋಗಿಯನ್ನೇ ಅಲ್ಲಿಗೆ ಕಳಿಸಿದ ಮೇಲೆ ಬಂದ ರಿಪೋರ್ಟ್ ಓದಲು ಒಂದು ಉದಾಹರಣೆ. ಪಿಎಚ್ 7.18, ಕಾರ್ಬನ್ ಡೈಆಕ್ಸೈಡ್ 22, ಬೈಕಾರ್ಬೊನೇಟ್ (ಆಮ್ಲವನ್ನು ತಣಿಸುವ ಕ್ಷಾರ) 8. ಇರಬೇಕಾದದ್ದು ಕ್ರಮವಾಗಿ 7.35-7.45, 35-45, 22-26. ಪಿಎಚ್ ತಗ್ಗಿದೆ, ಆಮ್ಲ. ಬೈಕಾರ್ಬೊನೇಟೂ ತಗ್ಗಿದೆ, ಮೂಲ ತೊಂದರೆ ಮೆಟಬಾಲಿಕ್, ಅಂದರೆ ಉಸಿರಿನದಲ್ಲ. ಇನ್ನು ಉಸಿರು ತನ್ನ ಕೆಲಸ ಮಾಡುತ್ತಿದೆಯೇ? ಬೈಕಾರ್ಬೊನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿ: 12 ಮತ್ತು 8, 20. ಎರಡು ಆಚೆ-ಈಚೆ. 22 ಅದರೊಳಗಿದೆ, ಉಸಿರು ತಕ್ಕಷ್ಟು ದುಡಿಯುತ್ತಿದೆ. ಇದೇ ರೋಗಿಯಲ್ಲಿ ಎರಡು ಗಂಟೆಯ ನಂತರ ಕಾರ್ಬನ್ ಡೈಆಕ್ಸೈಡ್ 35 ಬಂದರೆ, ಕಾಗದದಲ್ಲಿ ಅದು ನಾರ್ಮಲ್. ಆದರೆ ಬೈಕಾರ್ಬೊನೇಟ್ 8ರಲ್ಲೇ ಇದ್ದರೆ ಪಿಎಚ್ 7ಕ್ಕಿಂತ ಕೆಳಗೆ ಬಿದ್ದಿರುತ್ತದೆ. ಅವನು ಸುಧಾರಿಸಿಲ್ಲ, ಉಸಿರಾಡಿ ಸೋತಿದ್ದಾನೆ. 36 ಇದ್ದ ಉಸಿರಿನ ವೇಗ 18ಕ್ಕಿಳಿದು ರೋಗಿ ಮಂಕಾದರೆ, ಯಂತ್ರವಿಲ್ಲದೆಯೂ ಇದೇ ಅರ್ಥ.

ವೈದ್ಯರಿಗೆ ರಾತ್ರಿ ಫೋನ್ ಮಾಡುವಾಗ "ರೋಗಿ ಸುಸ್ತಾಗಿದ್ದಾರೆ ಸರ್" ಎಂದರೆ ಸಿಗುವ ಉತ್ತರ "ಒಂದು ಆರ್‌ಎಲ್ ಹಾಕಿ". (ಆರ್‌ಎಲ್ ಒಂದು ಬಗೆಯ ಡ್ರಿಪ್ಸ್.) ಹೀಗೆ ಹೇಳಿ ನೋಡಿ: "ಸರ್, ಆರನೇ ಬೆಡ್, ಇಲಿಜ್ವರ ಶಂಕೆ, 60 ಕಿಲೋ. ಬೆಳಿಗ್ಗೆಯಿಂದ ತೂಕ 1.3 ಕಿಲೋ ಇಳಿದಿದೆ. ಮಲಗಿ 110, ನಿಂತು 86, ನಾಡಿ 92ರಿಂದ 126. ಮೂತ್ರ ಆರು ಗಂಟೆಗೆ 600, ಆದರೂ ಬಾಯಿ ಒಣಗಿದೆ. ಉಸಿರು 28, ಎದೆ ಸ್ವಚ್ಛ. ಕಾಲು ಎತ್ತಲು ಕಷ್ಟ ಅಂತಾರೆ, ಪೊಟ್ಯಾಸಿಯಂ ಇನ್ನೂ ಬಂದಿಲ್ಲ, ಇಸಿಜಿ ತೆಗೆದಿದ್ದೇನೆ." ಅರ್ಧ ನಿಮಿಷದ ಮಾತು. ಇದನ್ನು ಕೇಳಿದವರು ಹಾಸಿಗೆಯಿಂದ ಏಳಲೇಬೇಕು.

ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದಾದರೆ, ದೇವಿಮನೆ ಘಟ್ಟ ಹತ್ತಲಿ, ಅರಬೈಲ್ ಹತ್ತಲಿ, ಮಣಿಪಾಲದ ಕಡೆ ಹೋಗಲಿ, ಗಂಟೆಗಟ್ಟಲೆ ದಾರಿ. ಕಳೆದ ಆರು ಗಂಟೆಯ ಮೂತ್ರ, ಓಡುತ್ತಿರುವ ಬಾಟಲಿಯಲ್ಲಿ ಏನು ಬೆರೆತಿದೆ, ಎಷ್ಟು ಹೊತ್ತಿಗೆ ಶುರುವಾಯಿತು, ಕೊನೆಯ ಪೊಟ್ಯಾಸಿಯಂ ಎಷ್ಟು, ಇವನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ. ಸ್ಟ್ರೆಚರಿಗೆ ಏರಿಸುವಾಗ ಕ್ಯಾತಿಟರ್ ಕ್ಲಾಂಪ್ ಮಾಡಿದ್ದರೆ, ಆ್ಯಂಬುಲೆನ್ಸ್ ಬಾಗಿಲು ಹಾಕುವ ಮುಂಚೆ ಬಿಚ್ಚಿಸಿ. ಅದು ಹಾಗೇ ಉಳಿದರೆ ಅಲ್ಲಿಯವರು ಖಾಲಿ ಬ್ಯಾಗ್ ನೋಡಿ ಕಿಡ್ನಿ ನಿಂತಿದೆ ಎಂದುಕೊಂಡು ಚಿಕಿತ್ಸೆ ಶುರು ಮಾಡಿಬಿಡುತ್ತಾರೆ.